ಹಳೆಯ ಗೇಮ್ ಮತ್ತೆ ಕಟ್ಟುವ ಮುನ್ನ: ಕೋಡ್ ಯಾರದು, ಚಿತ್ರ ಯಾರದು, ಹೆಸರು ಯಾರದು?

ಎಲ್ಲರಿಗೂ ನಮಸ್ಕಾರ. ಹಳೆಯ ಕಂಪ್ಯೂಟರ್ ಗೇಮ್ ಒಂದನ್ನು ಇಂದಿನ ಯಂತ್ರಗಳಿಗೆ ಹೊಸದಾಗಿ ಕಟ್ಟಲು ಹೊರಟವರು ಮೊದಲು ಕೇಳುವುದು ‘ಸೋರ್ಸ್ ಕೋಡ್ ಎಲ್ಲಿ ಸಿಗುತ್ತೆ?’ ಎಂದು, ಅಂದರೆ ಪ್ರೋಗ್ರಾಮರ್ ಬರೆದಿಟ್ಟ ಮೂಲ ಬರಹ. ಅದರ ಬೆನ್ನಿಗೇ ‘ಆ ಕಂಪನಿ ಮುಚ್ಚಿಯೇ ಹೋಯ್ತಲ್ಲ, ಈಗ ಕೇಳೋರು ಯಾರು?’ ಎಂಬ ಪ್ರಶ್ನೆ ಬರುತ್ತದೆ. ಎರಡಕ್ಕೂ ಉತ್ತರ ಹುಡುಕುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಬೇಕು. ಕೋಡ್ ಕೈಗೆ ಸಿಕ್ಕ ಮಾತ್ರಕ್ಕೆ ಅದನ್ನು ಬಳಸುವ ಅನುಮತಿ ಸಿಕ್ಕಂತಾಗುವುದಿಲ್ಲ. ಅನುಮತಿ ಸಿಕ್ಕಿದರೂ ಕೋಡ್ ಎಲ್ಲೋ ಉಳಿದಿದೆ ಎಂಬ ಖಾತ್ರಿ ಇಲ್ಲ. ಇವತ್ತಿನ ಮಾತೆಲ್ಲ ಈ ಎರಡು ವಾಕ್ಯಗಳ ಸುತ್ತಲೇ.

ಪ್ರಿನ್ಸ್ ಆಫ್ ಪರ್ಷಿಯಾ ಗೇಮ್‌ನ ಆಪಲ್ 2 ಆವೃತ್ತಿ ಬಂದದ್ದು 1989ರಲ್ಲಿ. ಅದರ ಕರ್ತೃ ಜೋರ್ಡನ್ ಮೆಕ್ನರ್ ಕಳೆದುಹೋಯಿತೆಂದುಕೊಂಡಿದ್ದ ಕೋಡ್ 2012ರಲ್ಲಿ ಅವರ ತಂದೆಯ ಮನೆಯಲ್ಲಿ ಮೂರೂವರೆ ಇಂಚಿನ ಫ್ಲಾಪಿಗಳಲ್ಲಿ ಸಿಕ್ಕಿತು. ಇಂಟರ್ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಮೊದಲಾದವರ ನೆರವಿನಿಂದ ಅದನ್ನು ಹೊರತೆಗೆದು, 6502 ಅಸೆಂಬ್ಲಿ ಕೋಡನ್ನು (ಆಪಲ್ 2ರ ಪ್ರೊಸೆಸರ್‌ನ ಭಾಷೆಯಲ್ಲಿದ್ದದ್ದು) ಕೋಡ್ ಹಂಚುವ ಜಾಲತಾಣ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು. ಜೊತೆಗಿಟ್ಟ ಟಿಪ್ಪಣಿಯಲ್ಲಿ ಅವರು ಎರಡು ಸಂಗತಿ ಹೇಳಿದ್ದಾರೆ. ಕೋಡನ್ನು ಓದಿ, ಬದಲಿಸಿ, ಓಡಿಸಿ ನೋಡಿ, ತಮಗೆ ಅಡ್ಡಿಯಿಲ್ಲ. ಆದರೆ ಪ್ರಿನ್ಸ್ ಆಫ್ ಪರ್ಷಿಯಾ ಎಂಬುದು ಯೂಬಿಸಾಫ್ಟ್ ಕಂಪನಿ ನಡೆಸುತ್ತಿರುವ ಗೇಮ್ ಸರಣಿ, ಅದರ ಮೇಲೆ ಯಾವ ಹಕ್ಕನ್ನೂ ಇದರಿಂದ ಕೊಟ್ಟಂತಾಗುವುದಿಲ್ಲ. ಬರೆದವರೇ ಕೋಡ್ ಕೊಟ್ಟಾಗಲೂ ಹೆಸರು ಬೇರೆಯವರ ಕೈಯಲ್ಲೇ ಉಳಿಯಿತು.

ಹಾಗಾಗಿ ಗೇಮ್ ಎಂಬುದನ್ನು ಮೊದಲು ಬಿಡಿಬಿಡಿಯಾಗಿ ನೋಡಬೇಕು. ಕೋಡ್‌ಗೆ ಒಂದು ಕಾಪಿರೈಟ್. ಚಿತ್ರ, ಅನಿಮೇಶನ್, ಲೆವೆಲ್‌ಗಳ ನಕ್ಷೆ, ಸಂಭಾಷಣೆ, ಕೈಪಿಡಿ ಇವುಗಳಿಗೆ ತಮ್ಮದೇ ಕಾಪಿರೈಟ್. ಸಂಗೀತದಲ್ಲಿ ಸ್ವರಸಂಯೋಜನೆ ಬೇರೆ, ಧ್ವನಿಮುದ್ರಣ ಬೇರೆ, ಎರಡಕ್ಕೂ ಪ್ರತ್ಯೇಕ ಹಕ್ಕು. ಹೆಸರು ಮತ್ತು ಲಾಂಛನ ಟ್ರೇಡ್‌ಮಾರ್ಕಿಗೆ ಸೇರಿದವು. ಒಳಗೆ ಸೇರಿಸಿದ ಸೌಂಡ್ ಲೈಬ್ರರಿ, ವಿಡಿಯೊ ಪ್ಲೇಯರ್ ಮೂರನೆಯ ಕಂಪನಿಯ ಸ್ವತ್ತು. ಕ್ರೀಡಾ ತಂಡ, ಕಾರು, ಸಿನಿಮಾ ಪಾತ್ರ ಇದ್ದರೆ ಅದರ ಮೇಲೊಂದು ಬಾಡಿಗೆ ಒಪ್ಪಂದ, ಅಂದರೆ ಲೈಸೆನ್ಸ್. ಆ ಒಪ್ಪಂದದ ಅವಧಿ ಮುಗಿದರೆ ಗೇಮ್‌ನ ಮಾಲೀಕರೇ ಅದನ್ನು ಮಾರುವಂತಿಲ್ಲ. ಅಲನ್ ವೇಕ್ 2017ರ ಮೇ ತಿಂಗಳಲ್ಲಿ ಅಂಗಡಿಗಳಿಂದ ಮಾಯವಾದದ್ದು ಸಂಗೀತದ ಲೈಸೆನ್ಸ್ ಮುಗಿದ ಕಾರಣಕ್ಕೆ. ಲೈಸೆನ್ಸ್ ನವೀಕರಿಸಿದ ಮೇಲೆ 2018ರ ಅಕ್ಟೋಬರಿನಲ್ಲಿ ಮರಳಿತು.

ಅವಧಿಯ ಲೆಕ್ಕವೂ ಬೇಕು. ಅಮೆರಿಕದಲ್ಲಿ ಕಂಪನಿಯ ನೌಕರರು ಮಾಡಿದ ಕೃತಿಗೆ ಪ್ರಕಟಣೆಯಿಂದ 95 ವರ್ಷ ರಕ್ಷಣೆ ಇದೆ. 1993ರ ಡೂಮ್ ಗೇಮ್ 2088ರ ಕೊನೆಯವರೆಗೂ ರಕ್ಷಣೆಯಲ್ಲಿರುತ್ತದೆ. ಪೇಟೆಂಟ್‌ಗೆ ಅರ್ಜಿ ಹಾಕಿದ ದಿನದಿಂದ ಸಾಮಾನ್ಯವಾಗಿ 20 ವರ್ಷ ಮಾತ್ರ, ಹಾಗಾಗಿ ಎಂಬತ್ತು, ತೊಂಬತ್ತರ ದಶಕದ ಪೇಟೆಂಟ್‌ಗಳು ಈಗ ತೊಡಕಲ್ಲ. ಟ್ರೇಡ್‌ಮಾರ್ಕ್ ಬಳಕೆಯಲ್ಲಿರುವ ತನಕ ಬದುಕಿರುತ್ತದೆ. ‘ಅಬಾಂಡನ್‌ವೇರ್’ (ಒಡೆಯರು ಕೈಬಿಟ್ಟ ಸಾಫ್ಟ್‌ವೇರ್) ಎಂಬ ವರ್ಗ ಅಭಿಮಾನಿಗಳ ಬಾಯಲ್ಲಿ ಇದೆ, ಕಾನೂನಿನಲ್ಲಿ ಇಲ್ಲ. ಮಾರಾಟ ನಿಂತಿತೆಂದು ಹಕ್ಕು ಬಿದ್ದುಹೋಗುವುದಿಲ್ಲ. ಇದರ ಫಲ ಎಷ್ಟು ದಾರುಣ ಎಂಬುದನ್ನು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು: 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇಕಡಾ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ.

ಒಡೆಯರನ್ನು ಹುಡುಕುವುದು

ಮುಚ್ಚಿದ ಕಂಪನಿಯ ಆಸ್ತಿ ಎಲ್ಲಿಗೋ ಹೋಗಿಯೇ ಇರುತ್ತದೆ. ಸಿಸ್ಟಮ್ ಶಾಕ್ 2 ಗೇಮ್ ಮಾಡಿದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ 2000ದಲ್ಲಿ ಬಾಗಿಲು ಹಾಕಿತು. ಅದರ ಹಕ್ಕು ಕೊನೆಗೆ ಸೇರಿದ್ದು ಒಂದು ವಿಮಾ ಕಂಪನಿಗೆ. ನೈಟ್‌ಡೈವ್ ಸ್ಟುಡಿಯೋಸ್ ಆ ವಿಮಾ ಕಂಪನಿಯನ್ನೇ ಹುಡುಕಿಕೊಂಡು ಹೋಗಿ ಒಪ್ಪಂದ ಮಾಡಿಕೊಂಡದ್ದರಿಂದ 2013ರಲ್ಲಿ ಗೇಮ್ ಮತ್ತೆ ಮಾರಾಟಕ್ಕೆ ಬಂತು. ಅದೇ ಸಂಸ್ಥೆ ನೋ ಒನ್ ಲಿವ್ಸ್ ಫಾರೆವರ್ ಗೇಮ್‌ಗೆ ಕೈಹಾಕಿದಾಗ ಹಕ್ಕು ವಾರ್ನರ್, ಆಕ್ಟಿವಿಷನ್, ಫಾಕ್ಸ್ ಈ ಮೂವರ ನಡುವೆ ಎಲ್ಲೋ ಇದೆ ಎಂದಷ್ಟೇ ಗೊತ್ತಾಯಿತು. ಯಾರ ಪಾಲು ಎಷ್ಟೆಂದು ಹಳೆಯ ಕಾಗದ ಹುಡುಕಿ ತೀರ್ಮಾನಿಸುವ ಉಸಾಬರಿಗೆ ಯಾರೂ ಬರಲಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಒಡೆಯರು ಬೇಡ ಎಂದು ನಿಂತದ್ದಕ್ಕಿಂತ, ಒಡೆಯರಿಗೇ ತಮ್ಮ ಹಕ್ಕು ಗೊತ್ತಿಲ್ಲದೆ ನಿಂತ ಇಂಥ ಪ್ರಕರಣ ನನಗೆ ಹೆಚ್ಚು ಸಂಕಟ ತರುತ್ತದೆ.

ಹುಡುಕಾಟದ ಕ್ರಮ ಹೀಗಿರಲಿ. ಗೇಮ್‌ನ ಮೊದಲ ಪರದೆ, ಪೆಟ್ಟಿಗೆಯ ಹಿಂಬದಿ, ಕೈಪಿಡಿಯ ಒಳಪುಟ ಈ ಮೂರರಲ್ಲಿ ಅಚ್ಚಾದ ಕಾಪಿರೈಟ್ ಸಾಲನ್ನು ಅಕ್ಷರಶಃ ಬರೆದುಕೊಳ್ಳಿ. ಇವು ಒಂದಕ್ಕೊಂದು ಹೊಂದದಿದ್ದರೆ ಡೆವಲಪರ್‌ಗೂ ಪ್ರಕಾಶಕರಿಗೂ ಹಕ್ಕು ಹಂಚಿಹೋಗಿದೆ ಎಂಬ ಸುಳಿವು. ಆಮೇಲೆ ಅಮೆರಿಕದ ಕಾಪಿರೈಟ್ ಕಚೇರಿಯ ದಾಖಲೆಯಲ್ಲಿ ನೋಂದಣಿಯನ್ನೂ ಹಕ್ಕು ವರ್ಗಾವಣೆಯನ್ನೂ ಬೇರೆಬೇರೆಯಾಗಿ ಹುಡುಕಬೇಕು. ನೋಂದಣಿ ಮೊದಲ ಒಡೆಯರನ್ನು ತೋರಿಸುತ್ತದೆ, ಈಗಿನವರನ್ನು ತೋರಿಸುವುದು ವರ್ಗಾವಣೆಯ ದಾಖಲೆ. ಟ್ರೇಡ್‌ಮಾರ್ಕ್ ಹುಡುಕಾಟ ಪ್ರತ್ಯೇಕ. ಕಂಪನಿ ದಿವಾಳಿಯಾಗಿದ್ದರೆ ನ್ಯಾಯಾಲಯದ ಕಡತದಲ್ಲಿ ಆಸ್ತಿಪಟ್ಟಿ ಇರುತ್ತದೆ, ಹರಾಜಿನಲ್ಲಿ ಕೊಂಡವರ ಹೆಸರೂ ಇರುತ್ತದೆ. ಡೆವಲಪರ್ ಒಪ್ಪಂದದಲ್ಲಿ ‘ಇಷ್ಟು ವರ್ಷ ಮಾರದಿದ್ದರೆ ಹಕ್ಕು ವಾಪಸ್’ ಎಂಬ ಷರತ್ತು ಇತ್ತೇ ಎಂದು ಅಂದಿನ ಪ್ರೋಗ್ರಾಮರ್‌ಗಳನ್ನು ಕೇಳಿ. ಎಷ್ಟೋ ಬಾರಿ ದಾರಿ ತೆರೆಯುವುದು ಈ ಒಂದು ಷರತ್ತಿನಿಂದ.

ನಿಯಮ ಯಾರದೂ ಅಲ್ಲ, ರೂಪ ಮಾತ್ರ ಅವರದು

ಆಟದ ನಿಯಮಕ್ಕೆ ಕಾಪಿರೈಟ್ ಇಲ್ಲ. ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಸಾಲು ಅಳಿಸಿಹೋಗುತ್ತದೆ ಎಂಬುದು ಒಂದು ಕಲ್ಪನೆ, ಯಾರು ಬೇಕಾದರೂ ಬಳಸಬಹುದು. ಆದರೆ 2012ರ ಟೆಟ್ರಿಸ್ ಹೋಲ್ಡಿಂಗ್ ಮತ್ತು ಟೆಟ್ರಿಸ್‌ನಂಥದೇ ಗೇಮ್ ಮಾಡಿದ ಕ್ಸಿಯೋ ನಡುವಿನ ಪ್ರಕರಣದಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ ಕ್ಸಿಯೋ ವಿರುದ್ಧ ತೀರ್ಪು ಕೊಟ್ಟಿತು. ಅವರು ಕೋಡ್ ಒಂದಕ್ಷರವನ್ನೂ ಕದ್ದಿರಲಿಲ್ಲ, ಎಲ್ಲವನ್ನೂ ತಾವೇ ಬರೆದಿದ್ದರು. ತುಂಡುಗಳ ಆಕಾರ, ಬಣ್ಣದ ರೀತಿ, ಅಂಕಣದ 10 ಅಗಲ 20 ಎತ್ತರ, ಕೆಳಗೆ ಬೀಳುವ ಜಾಗದ ನೆರಳು, ಎಲ್ಲವೂ ಹಾಗೆಯೇ ಇದ್ದವು. ನಿಯಮವನ್ನು ಬೇರೆ ಎಷ್ಟೋ ಬಗೆಯಲ್ಲಿ ತೋರಿಸಬಹುದಾಗಿದ್ದಾಗ ಇದೇ ರೂಪವನ್ನು ಎತ್ತಿಕೊಂಡದ್ದು ತಪ್ಪು ಎಂದಿತು ನ್ಯಾಯಾಲಯ. ಇದಕ್ಕೆ ಎದುರಾಗಿ 1988ರ ಡೇಟಾ ಈಸ್ಟ್ ಮತ್ತು ಎಪಿಕ್ಸ್ ಪ್ರಕರಣದಲ್ಲಿ ಎರಡು ಕರಾಟೆ ಗೇಮ್‌ಗಳ ಹೋಲಿಕೆ ಕರಾಟೆ ಎಂಬ ಕ್ರೀಡೆಯಿಂದಲೇ ಬಂದದ್ದು ಎಂದು ಮೇಲ್ಮನವಿ ನ್ಯಾಯಾಲಯ ಎಪಿಕ್ಸ್ ಪರ ತೀರ್ಪು ಕೊಟ್ಟಿತು. ಕರಾಟೆ ಪಂದ್ಯವನ್ನು ತೋರಿಸಲು ಒದೆತ, ಗುದ್ದು, ತೀರ್ಪುಗಾರ ಬೇಕೇ ಬೇಕು. ಟೆಟ್ರಿಸ್‌ಗೆ ಅಂಥ ಅನಿವಾರ್ಯ ರೂಪವಿಲ್ಲ.

ನೀವು ಕಟ್ಟುತ್ತಿರುವುದು ಅದೇ ಗೇಮ್‌ನ ಮರುರೂಪವಾದರೆ ‘ಕೋಡ್ ನನ್ನದೇ’ ಎಂಬ ವಾದ ಒಂದೇ ಸಾಲದು ಎಂಬುದು ಇದರಿಂದ ಸ್ಪಷ್ಟ. ಚಿತ್ರಗಳನ್ನು ಮತ್ತೆ ಬಿಡಿಸಿದರೂ ಅವು ಮೂಲದ ನಕಲೇ ಆಗಿರುತ್ತವೆ. ಮೆಟ್ರಾಯ್ಡ್ 2ರ ಅಭಿಮಾನಿ ಮರುರೂಪ 2016ರ ಆಗಸ್ಟ್‌ನಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ನಿಂಟೆಂಡೋ ನೋಟಿಸ್‌ನಿಂದ ಇಳಿಯಿತು. ಉಚಿತವಾಗಿ ಹಂಚಿದ್ದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಹಾಫ್-ಲೈಫ್‌ನ ಮರುರೂಪ ಬ್ಲ್ಯಾಕ್ ಮೀಸಾ ವಾಲ್ವ್‌ನ ಒಪ್ಪಿಗೆಯಿಂದ ಮಾರಾಟಕ್ಕೇ ಬಂತು, 2020ರಲ್ಲಿ ಪೂರ್ಣವಾಯಿತು. ಮಾಡಿದ ಕೆಲಸ ಎರಡರಲ್ಲೂ ಒಂದೇ ಬಗೆಯದು, ವ್ಯತ್ಯಾಸ ಒಪ್ಪಿಗೆಯಲ್ಲಿ ಮಾತ್ರ.

ಎಂಜಿನ್ ನಿಮ್ಮದು, ಡೇಟಾ ಆಟಗಾರರದು

ಇರುವ ದಾರಿಗಳಲ್ಲಿ ನಾನು ಮೊದಲು ಸೂಚಿಸುವುದು ಇದನ್ನು: ಗೇಮ್ ಓಡಿಸುವ ಎಂಜಿನ್ ಮಾತ್ರ ನೀವು ಬರೆಯಿರಿ, ಚಿತ್ರ, ಧ್ವನಿ, ಲೆವೆಲ್ ಇರುವ ಮೂಲ ಫೈಲ್‌ಗಳನ್ನು ಆಟಗಾರರು ತಾವು ಕೊಂಡ ಪ್ರತಿಯಿಂದ ತಂದುಕೊಳ್ಳಲಿ. ಹಳೆಯ ಅಡ್ವೆಂಚರ್ ಗೇಮ್‌ಗಳನ್ನು ಓಡಿಸಲು 2001ರಲ್ಲಿ ಶುರುವಾದ ಸ್ಕಮ್‌ವಿಎಮ್ ನಡೆಯುತ್ತಿರುವುದು ಹೀಗೆಯೇ. ಮೊರೊವಿಂಡ್ ಗೇಮ್‌ಗಾಗಿ ಓಪನ್‌ಎಂಡಬ್ಲ್ಯೂ ಎಂಬ ಎಂಜಿನ್ ಇದೆ. ನಿಮ್ಮ ರೆಪಾಸಿಟರಿಯಲ್ಲಿ (ಕೋಡ್ ಇಡುವ ಕಣಜದಲ್ಲಿ) ಒಡೆಯರ ಒಂದು ಬೈಟ್ ಕೂಡ ಇರುವುದಿಲ್ಲ. ಐರೋಪ್ಯ ನ್ಯಾಯಾಲಯ ಎಸ್‌ಎಎಸ್ ಎಂಬ ಸಾಫ್ಟ್‌ವೇರ್ ಕಂಪನಿಯ 2012ರ ಪ್ರಕರಣದಲ್ಲಿ ಪ್ರೋಗ್ರಾಮ್‌ನ ಕಾರ್ಯವಿಧಾನಕ್ಕಾಗಲಿ ಡೇಟಾ ಫೈಲ್‌ನ ವಿನ್ಯಾಸಕ್ಕಾಗಲಿ ಪ್ರೋಗ್ರಾಮ್‌ನ ಕಾಪಿರೈಟ್ ಅನ್ವಯಿಸದು ಎಂದು ಹೇಳಿರುವುದು ಈ ದಾರಿಗೆ ದೊಡ್ಡ ಬಲ.

ಕೆಲಸ ಹೇಗಿರುತ್ತದೆ ಎಂದು ಡೂಮ್‌ನ ಡೇಟಾ ಇರುವ ವ್ಯಾಡ್ ಫೈಲ್ ಇಟ್ಟುಕೊಂಡು ನೋಡೋಣ. ಮೊದಲ 12 ಬೈಟ್ ತಲೆಬರಹ: ನಾಲ್ಕು ಬೈಟ್ ಗುರುತು, ನಾಲ್ಕು ಬೈಟ್‌ನಲ್ಲಿ ಒಳಗಿರುವ ತುಣುಕುಗಳ ಸಂಖ್ಯೆ, ನಾಲ್ಕು ಬೈಟ್‌ನಲ್ಲಿ ಅವುಗಳ ಪಟ್ಟಿ ಎಲ್ಲಿ ಶುರುವಾಗುತ್ತದೆ ಎಂಬ ಸ್ಥಾನ. ಪಟ್ಟಿಯಲ್ಲಿ ಪ್ರತಿ ತುಣುಕಿಗೆ 16 ಬೈಟ್: ಸ್ಥಾನ ನಾಲ್ಕು, ಗಾತ್ರ ನಾಲ್ಕು, ಹೆಸರು ಎಂಟು. ಇಷ್ಟೇ ಎನಿಸುತ್ತದೆ, ಆದರೆ ಮೂರು ಕಡೆ ಎಡವುತ್ತಾರೆ. ಹೆಸರು ಪೂರ್ತಿ ಎಂಟು ಅಕ್ಷರ ಇದ್ದಾಗ ಕೊನೆಯಲ್ಲಿ ಸೊನ್ನೆ ಬೈಟ್ ಇರುವುದಿಲ್ಲ, ಸೊನ್ನೆ ಬೈಟ್ ಸಿಗುವ ತನಕ ಸಾಗುವ ಸಿ ಭಾಷೆಯ ಸಾಮಾನ್ಯ ಸ್ಟ್ರಿಂಗ್ ಎಂದು ಓದಿದರೆ ಓದು ಮುಂದಿನ ದಾಖಲೆಯ ಒಳಗೆ ನುಗ್ಗುತ್ತದೆ. ಲೆವೆಲ್ ಗುರುತಿನ ತುಣುಕಿಗೆ ಗಾತ್ರ ಸೊನ್ನೆ, ಅದರ ನಂತರವೇ ವಸ್ತುಗಳು, ಗೆರೆಗಳು ಎಂದು ಗೊತ್ತಾದ ಕ್ರಮದಲ್ಲಿ ಉಳಿದವು ಬರುತ್ತವೆ. ಪ್ರತಿ ಲೆವೆಲ್‌ಗೂ ಇವುಗಳ ಹೆಸರು ಒಂದೇ ಆದ್ದರಿಂದ ಹೆಸರಿನಿಂದ ಹುಡುಕಿದರೆ ಬೇರೆ ಲೆವೆಲ್‌ನದು ಸಿಗುತ್ತದೆ, ಗುರುತಿನಿಂದ ಎಷ್ಟನೆಯದು ಎಂದು ಎಣಿಸಿ ತೆಗೆಯಬೇಕು. ಉಳಿದ ತುಣುಕುಗಳನ್ನು ಪಟ್ಟಿಯ ಕೊನೆಯಿಂದ ಹಿಂದಕ್ಕೆ ಹುಡುಕಬೇಕು, ಏಕೆಂದರೆ ಆಮೇಲೆ ಸೇರಿಸಿದ ಫೈಲ್ ಮೊದಲಿನದನ್ನು ಮೀರಬೇಕು.

ಎಂಜಿನ್ ಮೂಲದಂತೆಯೇ ನಡೆಯುತ್ತಿದೆಯೇ ಎಂದು ಪರೀಕ್ಷಿಸಲೂ ಗೇಮ್‌ನೊಳಗೇ ಸಾಧನವಿದೆ. ಡೂಮ್ ಸೆಕೆಂಡಿಗೆ 35 ಬಾರಿ ಲೋಕವನ್ನು ಮುಂದೂಡುತ್ತದೆ. ಅದರ ಡೆಮೊ ಫೈಲ್‌ನಲ್ಲಿ ಚಿತ್ರವಿಲ್ಲ, ಆಟಗಾರನ ಚಲನೆ, ತಿರುವು, ಗುಂಡಿ ಒತ್ತಿದ್ದು ಮಾತ್ರ ಇದೆ, ಪ್ರತಿ ಹೆಜ್ಜೆಗೆ ನಾಲ್ಕು ಬೈಟ್. ಯಾದೃಚ್ಛಿಕ ಸಂಖ್ಯೆಗಳು ಬರುವುದು 256 ಸಂಖ್ಯೆಗಳ ಸ್ಥಿರ ಪಟ್ಟಿಯಿಂದ, ಲೆಕ್ಕವೆಲ್ಲ 16.16 ಫಿಕ್ಸೆಡ್ ಪಾಯಿಂಟ್‌ನಲ್ಲಿ (16 ಬಿಟ್ ಪೂರ್ಣಾಂಕ, 16 ಬಿಟ್ ಭಿನ್ನಾಂಶ). ಹಾಗಾಗಿ ಹಳೆಯ ಡೆಮೊ ಒಂದನ್ನು ನಿಮ್ಮ ಎಂಜಿನ್‌ನಲ್ಲಿ ಓಡಿಸಿದಾಗ ಆಟಗಾರ ಗೋಡೆಗೆ ಡಿಕ್ಕಿ ಹೊಡೆಯುತ್ತ ನಿಂತರೆ ಎಲ್ಲೋ ಒಂದು ಲೆಕ್ಕ ಮೂಲಕ್ಕಿಂತ ಬೇರೆಯಾಗಿದೆ ಎಂದರ್ಥ. ಪ್ರತಿ ಹೆಜ್ಜೆಯಲ್ಲೂ ಆಟಗಾರನ ಸ್ಥಾನ ಮತ್ತು ಆ ಪಟ್ಟಿಯ ಸೂಚಿಯನ್ನು ಬರೆದಿಟ್ಟರೆ ಮೊದಲು ಬೇರೆಯಾದ ಹೆಜ್ಜೆ ಸಿಗುತ್ತದೆ. ಫ್ಲೋಟಿಂಗ್ ಪಾಯಿಂಟ್ ಲೆಕ್ಕ (ಬಿಂದುವಿನ ಸ್ಥಾನ ಸರಿದಾಡುವ ಅಂಕಿಗಳು) ಬಳಸಿದ ಗೇಮ್‌ಗಳಲ್ಲಿ ಇದು ಕಷ್ಟ. ಹಳೆಯ ಪಿಸಿ ಪ್ರೊಸೆಸರ್‌ಗಳ ಎಕ್ಸ್87 ಲೆಕ್ಕ ಘಟಕ ಒಳಗೊಳಗೆ 80 ಬಿಟ್‌ನಲ್ಲಿ ಲೆಕ್ಕ ಹಾಕುತ್ತಿತ್ತು, ಇಂದಿನ ಕಂಪೈಲರ್‌ಗಳು ಎಸ್‌ಎಸ್‌ಇ ಎಂಬ ಹೊಸ ಘಟಕ ಬಳಸಿ 32 ಅಥವಾ 64 ಬಿಟ್‌ನಲ್ಲೇ ಹಾಕುತ್ತವೆ. ಕೊನೆಯ ಅಂಕಿಯ ವ್ಯತ್ಯಾಸ ಬೆಳೆಯುತ್ತ ಹೋಗಿ ಆಟವೇ ದಿಕ್ಕು ತಪ್ಪುತ್ತದೆ.

ಡೇಟಾವನ್ನೂ ಮುಕ್ತವಾಗಿ ಹೊಸದಾಗಿ ಮಾಡಬಹುದು. ಡೂಮ್‌ಗೆ ಫ್ರೀಡೂಮ್ ಇದೆ: ಚಿತ್ರ, ಧ್ವನಿ, ಲೆವೆಲ್ ಎಲ್ಲವೂ ಸ್ವಯಂಸೇವಕರು ಮಾಡಿದ್ದು, ಮೂಲದ ರಾಕ್ಷಸರ ನಕಲಲ್ಲ. 2004ರಲ್ಲಿ ಹೊರಬಂದ ಓಪನ್‌ಟಿಟಿಡಿ ಮೊದಲಿಗೆ ಟ್ರಾನ್ಸ್‌ಪೋರ್ಟ್ ಟೈಕೂನ್ ಡೀಲಕ್ಸ್‌ನ ಫೈಲ್ ಇಲ್ಲದೆ ಓಡುತ್ತಿರಲಿಲ್ಲ. ಚಿತ್ರಕ್ಕೆ ಓಪನ್‌ಜಿಎಫ್‌ಎಕ್ಸ್, ಧ್ವನಿಗೆ ಓಪನ್‌ಎಸ್‌ಎಫ್‌ಎಕ್ಸ್, ಸಂಗೀತಕ್ಕೆ ಓಪನ್‌ಎಂಎಸ್‌ಎಕ್ಸ್ ಸಿದ್ಧವಾಗಿ 2010ರ 1.0 ಆವೃತ್ತಿಯಲ್ಲಿ ಆ ಅವಲಂಬನೆ ಹೋಯಿತು. ಇಲ್ಲಿ ಎಚ್ಚರ ಬೇಕಾದದ್ದು ಕೊಡುಗೆಗಳ ವಿಷಯದಲ್ಲಿ. ಯಾರೋ ಎಲ್ಲಿಂದಲೋ ಎತ್ತಿ ತಂದ ಧ್ವನಿ ತುಣುಕೊಂದು ಸೇರಿದರೆ ವರ್ಷಗಳ ನಂತರ ಅದನ್ನು ಪತ್ತೆ ಹಚ್ಚುವುದು ಅಸಾಧ್ಯ. ಪ್ರತಿ ಫೈಲ್‌ಗೂ ಯಾರು ಮಾಡಿದ್ದು, ಯಾವ ಲೈಸೆನ್ಸ್, ಯಾವುದರಿಂದ ಮಾಡಿದ್ದು ಎಂಬ ದಾಖಲೆ ಇಲ್ಲದೆ ಒಳಗೆ ಬಿಡಬಾರದು.

ಬಿಡುಗಡೆಯಾದ ಕೋಡ್‌ನಲ್ಲಿ ಏನಿರುವುದಿಲ್ಲ

ಒಡೆಯರೇ ಕೋಡ್ ಕೊಟ್ಟರೆ ಎಲ್ಲ ಸುಲಭ ಎಂದುಕೊಳ್ಳಬೇಡಿ. ಡೂಮ್ ಕೋಡ್ 1997ರ ಡಿಸೆಂಬರ್‌ನಲ್ಲಿ ಬಂದಾಗ ಅದು ಲಿನಕ್ಸ್ ಆವೃತ್ತಿಯದಾಗಿತ್ತು. ಡಾಸ್ ಆವೃತ್ತಿಯ ಸೌಂಡ್ ಲೈಬ್ರರಿ ಬೇರೆಯವರದು, ಅದನ್ನು ಹಂಚುವಂತಿರಲಿಲ್ಲ. ಲೈಸೆನ್ಸ್ ಕೂಡ ಲಾಭಕ್ಕೆ ಬಳಸಬಾರದು ಎಂಬ ಷರತ್ತಿನದು, ಜಿಪಿಎಲ್ (ಬದಲಿಸಿ ಹಂಚುವವರೂ ಕೋಡನ್ನು ಅದೇ ಷರತ್ತಿನಲ್ಲಿ ತೆರೆದಿಡಬೇಕೆನ್ನುವ ಮುಕ್ತ ಲೈಸೆನ್ಸ್) ಅಡಿ ಮತ್ತೆ ಬಿಡುಗಡೆಯಾದದ್ದು 1999ರಲ್ಲಿ. ಅದೇ ಎಂಜಿನ್ ಮೇಲೆ ಕಟ್ಟಿದ ಹೆರೆಟಿಕ್ ಮತ್ತು ಹೆಕ್ಸೆನ್ ಕೋಡ್ 1999ರಲ್ಲೇ ಬಂದರೂ ಬಿಗಿ ಲೈಸೆನ್ಸ್‌ನಲ್ಲಿತ್ತು. 2008ರಲ್ಲಿ ಅವೂ ಜಿಪಿಎಲ್‌ಗೆ ಬರುವ ತನಕ ಈ ಕೋಡ್‌ಗಳನ್ನು ಬೆರೆಸಿದ ಪೋರ್ಟ್‌ಗಳು (ಬೇರೆ ಯಂತ್ರಗಳಿಗೆ ಒಗ್ಗಿಸಿದ ಆವೃತ್ತಿಗಳು) ಲೈಸೆನ್ಸ್ ತಕರಾರಿನಲ್ಲೇ ಇದ್ದವು. ಡ್ಯೂಕ್ ನ್ಯೂಕೆಮ್ 3ಡಿಯದು ಇನ್ನೂ ಬಿಡಿಸಲಾರದ ಗಂಟು: ಗೇಮ್ ಕೋಡ್ 2003ರಲ್ಲಿ ಜಿಪಿಎಲ್ ಅಡಿ ಬಂತು, ಆದರೆ ಅದು ಓಡುವ ಬಿಲ್ಡ್ ಎಂಜಿನ್‌ಗೆ ಅದನ್ನು ಬರೆದ ಕೆನ್ ಸಿಲ್ವರ್‌ಮನ್ 2000ದಲ್ಲಿ ಕೊಟ್ಟ ಲೈಸೆನ್ಸ್ ವಾಣಿಜ್ಯ ಬಳಕೆಯನ್ನು ಬಿಡುವುದಿಲ್ಲ. ಜಿಪಿಎಲ್ ಅಂಥ ಹೆಚ್ಚಿನ ಷರತ್ತನ್ನು ಒಪ್ಪುವುದಿಲ್ಲ. ಕೋಡ್ ಕೈಗೆ ಬಂದ ದಿನವೇ ಲೈಸೆನ್ಸ್ ಕಡತವನ್ನು ಪ್ರತಿ ಫೋಲ್ಡರ್‌ಗೂ ಬೇರೆಯಾಗಿ ಓದಿ ಎನ್ನುವುದು ಇದಕ್ಕೇ.

ಗೇಮ್ ಕಂಪನಿ ಇಎ 2025ರ ಫೆಬ್ರವರಿಯಲ್ಲಿ ಕಮಾಂಡ್ ಅಂಡ್ ಕಾಂಕರ್ ಸರಣಿಯ ಕೆಲವು ಗೇಮ್‌ಗಳ ಕೋಡನ್ನು ಜಿಪಿಎಲ್ 3ರ ಅಡಿ ಕೊಟ್ಟಿತು. ಅದರಲ್ಲಿ ಜನರಲ್ಸ್ ಎಂಬ ಗೇಮನ್ನು ಕಂಪೈಲ್ ಮಾಡಲು (ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸಲು) ಹೊರಗಿನಿಂದ ತರಬೇಕಾದ ಅಥವಾ ಬದಲಿ ಕೊಡಬೇಕಾದವುಗಳ ಪಟ್ಟಿ ನೋಡಿದರೆ ಪರಿಸ್ಥಿತಿ ತಿಳಿಯುತ್ತದೆ: ಮೈಲ್ಸ್ ಸೌಂಡ್ ಸಿಸ್ಟಮ್, ಬಿಂಕ್ ವಿಡಿಯೊ, ಗೇಮ್‌ಸ್ಪೈ, ಎಸ್‌ಟಿಎಲ್‌ಪೋರ್ಟ್, ಹಳೆಯ ಡೈರೆಕ್ಟ್‌ಎಕ್ಸ್. ಗೇಮ್‌ಸ್ಪೈ ಸೇವೆಯೇ ಈಗ ಇಲ್ಲ. ಇಂಥ ಕಡೆ ಮೊದಲ ಕೆಲಸ ಖಾಲಿ ಫಂಕ್ಷನ್‌ಗಳನ್ನು ಬರೆದು ಸದ್ದು, ವಿಡಿಯೊ, ನೆಟ್‌ವರ್ಕ್ ಇಲ್ಲದೆ ಗೇಮ್ ಮೆನುವಿನ ತನಕ ಬರುವಂತೆ ಮಾಡುವುದು. ಆಮೇಲೆ ಒಂದೊಂದನ್ನೇ ಓಪನ್‌ಎಎಲ್, ಎಸ್‌ಡಿಎಲ್, ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ಲೈಬ್ರರಿಗಳಿಂದ ತುಂಬಿಸಬೇಕು. ಡೂಮ್ 3 ಕೋಡ್ 2011ರಲ್ಲಿ ಹೊರಬರುವಾಗ ಅಡ್ಡ ಬಂದದ್ದು ಪೇಟೆಂಟ್: ನೆರಳು ಬಿಡಿಸುವ ವಿಧಾನವೊಂದರ ಮೇಲೆ ಕ್ರಿಯೇಟಿವ್ ಕಂಪನಿಯ ಹಕ್ಕು ಇತ್ತು, ಡೂಮ್‌ನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಆ ಭಾಗವನ್ನು ಬದಲಿಸಿ ಬರೆದ ಮೇಲೆಯೇ ಬಿಡುಗಡೆ ಸಾಧ್ಯವಾಯಿತು.

ಹಳೆಯ ಕೋಡ್ 64 ಬಿಟ್ ಯಂತ್ರದಲ್ಲಿ ಮುರಿಯುವ ಬಗೆಗೆ ಒಂದೇ ಒಂದು ಉದಾಹರಣೆ ಸಾಕು. ಡೂಮ್‌ನಲ್ಲಿ ಗೋಡೆಯ ಚಿತ್ರದ ವಿವರ ಇರುವ ಸ್ಟ್ರಕ್ಚರ್‌ನ (ಹಲವು ಅಂಕಿಗಳ ಕಟ್ಟಿನ) ನಡುವೆ ಬಳಕೆಯಲ್ಲಿಲ್ಲದ ಒಂದು ಪಾಯಿಂಟರ್ (ಮೆಮೊರಿ ವಿಳಾಸ) ಇದೆ, ಪಕ್ಕದಲ್ಲಿ ಬಳಕೆಯಲ್ಲಿಲ್ಲ ಎಂಬ ಟಿಪ್ಪಣಿಯೂ ಇದೆ. ಫೈಲ್‌ನಲ್ಲಿ ಅದಕ್ಕೆ ನಾಲ್ಕು ಬೈಟ್ ಜಾಗ. 64 ಬಿಟ್ ಕಂಪೈಲರ್ ಪಾಯಿಂಟರ್‌ಗೆ ಎಂಟು ಬೈಟ್ ಕೊಡುತ್ತದೆ, ಅದರ ನಂತರದ ಎಲ್ಲ ಅಂಕಿಗಳೂ ಸರಿದುಹೋಗಿ ಗೇಮ್ ಶುರುವಿನಲ್ಲೇ ಬೀಳುತ್ತದೆ. ಆ ಪಾಯಿಂಟರ್ ಜಾಗಕ್ಕೆ 32 ಬಿಟ್ ಪೂರ್ಣಾಂಕ ಹಾಕಿದರೆ ಸರಿಹೋಗುತ್ತದೆ. ಫೈಲ್‌ನಿಂದ ನೇರವಾಗಿ ಸ್ಟ್ರಕ್ಚರ್‌ಗೆ ಸುರಿಯುವ ಪ್ರತಿ ಜಾಗವನ್ನೂ ಹೀಗೆಯೇ ತಡಕಬೇಕು. ಉಳಿಸಿದ ಆಟದ ಫೈಲ್‌ಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಇನ್ನು ಕೋಡೇ ಕಳೆದುಹೋದ ಪ್ರಕರಣಗಳು. ಬೀಮ್‌ಡಾಗ್ ಸಂಸ್ಥೆ ಐಸ್‌ವಿಂಡ್ ಡೇಲ್ 2ರ ಸುಧಾರಿತ ಆವೃತ್ತಿ ತರಲಾಗದ್ದಕ್ಕೆ ಕಾರಣ ಕೋಡ್ ಎಲ್ಲೂ ಸಿಗದೆ ಹೋದದ್ದು. ವೆಸ್ಟ್‌ವುಡ್‌ನ 1997ರ ಬ್ಲೇಡ್ ರನ್ನರ್ ಗೇಮ್‌ನ ಕೋಡ್ ಕೂಡ ಕಳೆದುಹೋಗಿತ್ತು. ಸ್ಕಮ್‌ವಿಎಮ್ ಸ್ವಯಂಸೇವಕರು ವರ್ಷಗಟ್ಟಲೆ ಮಾರಾಟದ ಪ್ರತಿಯನ್ನೇ ಬಿಡಿಸಿ ನೋಡಿ 2019ರಲ್ಲಿ ಅದನ್ನು ಓಡಿಸಿದರು. ನಿಮಗೆ ಯಾರಾದರೂ ಹಳೆಯ ಡಿಸ್ಕ್‌ಗಳನ್ನು ಕೊಟ್ಟರೆ ಸುಮ್ಮನೆ ಡ್ರೈವ್‌ಗೆ ಹಾಕಿ ನೋಡಬೇಡಿ. ಮೂರೂವರೆ ಇಂಚಿನದಾದರೆ ಮೂಲೆಯ ಜಾರುಗುಂಡಿ ಸರಿಸಿ ತೂತು ತೆರೆದಿಡಿ, ಐದೂಕಾಲು ಇಂಚಿನದಾದರೆ ಅಂಚಿನ ಕಚ್ಚನ್ನು ಟೇಪಿನಿಂದ ಮುಚ್ಚಿ. ಎರಡೂ ಬರೆಯುವುದನ್ನು ತಡೆಯುತ್ತವೆ. ಆಪಲ್ 2ರ ಡಿಸ್ಕ್‌ಗಳ ಸಂಕೇತ ಪದ್ಧತಿಯನ್ನು ಪಿಸಿಯ ಸಾಮಾನ್ಯ ಫ್ಲಾಪಿ ಕಂಟ್ರೋಲರ್ ಓದಲಾರದು. ಕ್ರಯೋಫ್ಲಕ್ಸ್ ಅಥವಾ ಗ್ರೀಸ್‌ವೀಝಲ್‌ನಂಥ ಸಾಧನದಿಂದ ಕಾಂತೀಯ ಬದಲಾವಣೆಯನ್ನೇ ದಾಖಲಿಸಿಕೊಂಡರೆ ಆಮೇಲೆ ಎಷ್ಟು ಬಾರಿ ಬೇಕಾದರೂ ಬಿಡಿಸಿ ಓದಬಹುದು. ಆ ಕಚ್ಚಾ ದಾಖಲೆ, ಬಿಡಿಸಿದ ಪ್ರತಿ, ಎರಡರ ಶಾ-256 ಮೊತ್ತ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಗುರುತುಸಂಖ್ಯೆ), ಇಷ್ಟನ್ನೂ ಒಟ್ಟಿಗೆ ಇಡಿ. ಡಿಸ್ಕ್ ಕೊಟ್ಟವರಿಗೆ ಅದರ ಮೇಲೆ ಹಕ್ಕಿತ್ತೇ ಎಂಬುದನ್ನೂ ಬರಹದಲ್ಲೇ ಕೇಳಿ. ಅಂದಿನ ನೌಕರನ ಬಳಿ ಉಳಿದ ಪ್ರತಿ ಕಂಪನಿಯದೇ.

ಬಿಡಿಸಿ ನೋಡುವುದು ಎಲ್ಲಿಯ ತನಕ

ಗೇಮ್ ಕಂಪನಿಗಳಾದ ಸೆಗಾ ಮತ್ತು ಅಕೊಲೇಡ್ ನಡುವಿನ 1992ರ ತೀರ್ಪು ಈ ವಿಷಯದ ತಳಹದಿ. ಅಕೊಲೇಡ್ ಎಂಜಿನಿಯರ್‌ಗಳು ಸೆಗಾ ಗೇಮ್‌ಗಳನ್ನು ಡಿಸ್‌ಅಸೆಂಬಲ್ ಮಾಡಿ (ಯಂತ್ರಸಂಕೇತವನ್ನು ಓದಬಲ್ಲ ರೂಪಕ್ಕೆ ತಂದು), ಕನ್ಸೋಲ್ ಜೊತೆ ಮಾತನಾಡಲು ಏನು ಬೇಕು ಎಂಬುದನ್ನು ಮಾತ್ರ ಕೈಪಿಡಿಯಾಗಿ ಬರೆದರು, ಸೆಗಾದ ಕೋಡ್ ಅದರಲ್ಲಿರಲಿಲ್ಲ. ಆ ಕೈಪಿಡಿಯಿಂದ ತಮ್ಮ ಗೇಮ್ ಬರೆದರು. ರಕ್ಷಣೆಯಿಲ್ಲದ ಅಂಶ ತಿಳಿಯಲು ಬೇರೆ ದಾರಿ ಇಲ್ಲದಾಗ ಇದು ನ್ಯಾಯಸಮ್ಮತ ಬಳಕೆ ಎಂದಿತು ನ್ಯಾಯಾಲಯ. ಅದೇ ವರ್ಷ ಅಟಾರಿ ಗೇಮ್ಸ್ ನಿಂಟೆಂಡೋ ಎದುರು ಸೋಲುಂಡಿತು. ಕನ್ಸೋಲ್‌ನ ಬೀಗದ ಪ್ರೋಗ್ರಾಮ್‌ನ ಸೋರ್ಸ್ ಕೋಡನ್ನು ಅಟಾರಿಯ ವಕೀಲರು ಕಾಪಿರೈಟ್ ಕಚೇರಿಯಿಂದ, ತಮ್ಮ ಮೇಲೆ ಮೊಕದ್ದಮೆ ಇದೆ ಎಂದು ಸುಳ್ಳು ಹೇಳಿ ಪಡೆದಿದ್ದರು. ಅಕ್ರಮವಾಗಿ ಬಂದ ಪ್ರತಿ ಇಟ್ಟುಕೊಂಡವರಿಗೆ ನ್ಯಾಯಸಮ್ಮತ ಬಳಕೆಯ ಆಸರೆ ಸಿಗಲಿಲ್ಲ. ಸೋರಿಕೆಯಾದ ಕೋಡನ್ನು ‘ಸುಮ್ಮನೆ ಒಮ್ಮೆ ನೋಡುತ್ತೇನೆ’ ಎನ್ನುವವರಿಗೆ ನನ್ನ ಉತ್ತರ ಇದೇ ಪ್ರಕರಣ. ನೋಡಿದವರು ಆ ಭಾಗದ ಕೋಡ್ ಬರೆಯಬಾರದು, ತಂಡ ಈ ನಿಯಮವನ್ನು ಬರಹದಲ್ಲಿ ಇಟ್ಟು ಪಾಲಿಸಬೇಕು.

ಐರೋಪ್ಯ ಒಕ್ಕೂಟದ 2009/24 ನಿರ್ದೇಶನದ 6ನೇ ವಿಧಿ ಹೊಂದಾಣಿಕೆಗಾಗಿ ಡಿಕಂಪೈಲ್ ಮಾಡಲು (ಯಂತ್ರಸಂಕೇತದಿಂದ ಸೋರ್ಸ್ ಕೋಡ್‌ನಂಥ ರೂಪ ಹಿಂಪಡೆಯಲು) ಬಿಡುತ್ತದೆ, ಆದರೆ ಹಾಗೆ ಸಿಕ್ಕ ಮಾಹಿತಿಯಿಂದ ಅಭಿವ್ಯಕ್ತಿಯಲ್ಲಿ ಬಹಳ ಹೋಲುವ ಪ್ರೋಗ್ರಾಮ್ ಕಟ್ಟುವುದನ್ನು ತಡೆಯುತ್ತದೆ. ಭಾರತದ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲೂ ಹೊಂದಾಣಿಕೆಗೆ ಬೇಕಾದ ಮಾಹಿತಿ ಪಡೆಯಲು ಮತ್ತು ಪ್ರೋಗ್ರಾಮ್‌ನ ನಡೆಯನ್ನು ಗಮನಿಸಿ ಅಧ್ಯಯನ ಮಾಡಲು ವಿನಾಯಿತಿ ಇದೆ. ಇವೆಲ್ಲ ಕಾನೂನುಬದ್ಧವಾಗಿ ಪ್ರತಿ ಹೊಂದಿದವರಿಗೆ ಮಾತ್ರ. ಅಮೆರಿಕದಲ್ಲಿ ಲೈಸೆನ್ಸ್ ಒಪ್ಪಂದವೂ ಅಡ್ಡ ಬರುತ್ತದೆ: ಬ್ಲಿಝಾರ್ಡ್ ಕಂಪನಿಯ ಆನ್‌ಲೈನ್ ಗೇಮ್ ಸೇವೆ ಬ್ಯಾಟಲ್.ನೆಟ್‌ಗೆ ಬದಲಿ ಸರ್ವರ್ ಬರೆದವರು 2005ರಲ್ಲಿ ಮೇಲ್ಮನವಿಯಲ್ಲೂ ಸೋತದ್ದಕ್ಕೆ ಅವರು ಒತ್ತಿದ ‘ಒಪ್ಪಿದೆ’ ಗುಂಡಿಯೂ ಒಂದು ಕಾರಣ.

ಇಡೀ ಗೇಮನ್ನೇ ಡಿಕಂಪೈಲ್ ಮಾಡಿ ಪ್ರಕಟಿಸುವುದು ಇದಕ್ಕಿಂತ ತೀರಾ ಬೇರೆ. ಸೂಪರ್ ಮಾರಿಯೋ 64ರ ಮೇಲೆ ನಡೆದದ್ದು ಇಂಥ ಕೆಲಸ: ಅಂದಿನ ಕಂಪೈಲರ್‌ಗೆ ಕೊಟ್ಟರೆ ಮೂಲದ ಬೈಟ್‌ಗಳೇ ಮರಳಿ ಬರುವಂಥ ಸಿ ಕೋಡ್ ಬರೆಯುವುದು. ಚಿತ್ರ, ಧ್ವನಿ ರೆಪಾಸಿಟರಿಯಲ್ಲಿರುವುದಿಲ್ಲ, ಬಳಸುವವರ ಪ್ರತಿಯಿಂದ ಹೊರತೆಗೆಯುತ್ತಾರೆ. ರೋಲರ್ ಕೋಸ್ಟರ್ ಟೈಕೂನ್ 2ಕ್ಕಾಗಿ 2014ರಲ್ಲಿ ಶುರುವಾದ ಓಪನ್‌ಆರ್‌ಸಿಟಿ2 ಒಂದೊಂದೇ ಫಂಕ್ಷನ್‌ ಅನ್ನು ಸಿ ಭಾಷೆಯಲ್ಲಿ ಬರೆಯುತ್ತ, ಉಳಿದವನ್ನು ಮೂಲ ಪ್ರೋಗ್ರಾಮ್‌ನಿಂದಲೇ ಕರೆಯುತ್ತ ಹೋಯಿತು. ಯಾವ ಹಂತದಲ್ಲೂ ಗೇಮ್ ಓಡುತ್ತಲೇ ಇದ್ದದ್ದರಿಂದ ತಪ್ಪು ಯಾವ ಫಂಕ್ಷನ್‌ನಲ್ಲಿ ಎಂದು ಕೂಡಲೇ ಸಿಗುತ್ತಿತ್ತು. ತಂತ್ರವಾಗಿ ಇವು ಅದ್ಭುತ ಕೆಲಸ. ಆದರೆ ಹುಟ್ಟುವ ಕೋಡ್ ಮೂಲ ಪ್ರೋಗ್ರಾಮ್‌ನ ರಚನೆಯನ್ನೇ ಹಿಂಬಾಲಿಸುವುದರಿಂದ, ಅಕೊಲೇಡ್‌ಗೆ ಸಿಕ್ಕ ರಕ್ಷಣೆ ಇದಕ್ಕೂ ಸಿಗುತ್ತದೆ ಎಂದು ನಂಬಿ ಕೂರಲಾಗದು. ಈ ದಾರಿ ಹಿಡಿಯುವವರು ಅದನ್ನು ತಿಳಿದೇ ಹಿಡಿಯಬೇಕು.

ಪತ್ರ ಮತ್ತು ನೋಟಿಸ್

ಒಡೆಯರಿಗೆ ಬರೆಯುವಾಗ ‘ದಯವಿಟ್ಟು ಗೇಮ್ ಓಪನ್ ಸೋರ್ಸ್ ಮಾಡಿ’ ಎಂದರೆ ಕಾನೂನು ವಿಭಾಗಕ್ಕೆ ಇಲ್ಲ ಎನ್ನುವುದೇ ಸುಲಭ. ನಾಲ್ಕು ವಿಷಯವನ್ನು ಬೇರೆಬೇರೆಯಾಗಿ ಕೇಳಿ: ಕೋಡ್‌ನ ಪ್ರತಿ ಇದೆಯೇ, ಯಾವ ಹೆಸರಾಂತ ಲೈಸೆನ್ಸ್ ಅಡಿ ಕೊಡಬಲ್ಲಿರಿ, ಡೇಟಾ ಬಗೆಗೆ ಏನು ಹೇಳುತ್ತೀರಿ, ಹೆಸರನ್ನು ಯಾವ ರೀತಿ ಬಳಸಬಹುದು. ಡೇಟಾ ಮತ್ತು ಹೆಸರು ನಿಮ್ಮಲ್ಲೇ ಇರಲಿ, ಕೋಡ್ ಸಾಕು ಎಂದು ನೀವೇ ಮುಂದಾಗಿ ಹೇಳಿದರೆ ಮಾತು ಮುಂದುವರಿಯುವ ಸಾಧ್ಯತೆ ಹೆಚ್ಚು. ಮೂರನೆಯವರ ಲೈಬ್ರರಿಗಳ ಪಟ್ಟಿ ಮಾಡಿ ಅವುಗಳನ್ನು ತೆಗೆಯುವ ಕೆಲಸವನ್ನೂ ನೀವೇ ವಹಿಸಿಕೊಳ್ಳಿ, ಬೇಕಿದ್ದರೆ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ. ಕನ್ಸೋಲ್ ಆವೃತ್ತಿ ಕೇಳಬೇಡಿ, ಅದರಲ್ಲಿ ಕನ್ಸೋಲ್ ತಯಾರಕರ ಗೌಪ್ಯ ಕೋಡ್ ಬೆರೆತಿರುತ್ತದೆ. ಫೋನಿನಲ್ಲಿ ಸಿಕ್ಕ ಒಪ್ಪಿಗೆ ಆ ವ್ಯಕ್ತಿ ಕೆಲಸ ಬಿಟ್ಟ ದಿನ ಮುಗಿಯುತ್ತದೆ. ಸಹಿ ಮಾಡಿದವರಿಗೆ ಕಂಪನಿಯ ಪರವಾಗಿ ಸಹಿ ಮಾಡುವ ಅಧಿಕಾರವಿದೆ ಎಂದು ಪತ್ರದಲ್ಲೇ ಇರಬೇಕು.

ಕೊನೆಯದಾಗಿ, ಡಿಎಂಸಿಎ ನೋಟಿಸ್ (ಅಮೆರಿಕದ ಕಾಪಿರೈಟ್ ಕಾನೂನಿನಡಿ ತೆಗೆದುಹಾಕಿ ಎಂಬ ದೂರು) ಬಂದರೆ ಏನು ಮಾಡಬೇಕು. ಮೊದಲು ರೆಪಾಸಿಟರಿಯ ಪೂರ್ತಿ ಇತಿಹಾಸದ ಪ್ರತಿ ತೆಗೆದಿಡಿ, ಆಮೇಲೆ ಅವಸರದಲ್ಲಿ ಏನನ್ನೂ ಅಳಿಸಬೇಡಿ, ತಿದ್ದಬೇಡಿ. ನೋಟಿಸ್ ಯಾವ ಫೈಲ್ ಬಗ್ಗೆ ಎಂದು ಓದಿ. ಎಂದೋ ಸೇರಿದ್ದ ಒಂದು ಚಿತ್ರದ ಬಗ್ಗೆಯಾದರೆ, ಆ ಕಮಿಟ್ (ದಾಖಲಾದ ಬದಲಾವಣೆ) ಇತಿಹಾಸದಿಂದಲೇ ಹೋಗಬೇಕು, ಈಗಿನ ಆವೃತ್ತಿಯಿಂದ ತೆಗೆದರೆ ಸಾಲದು. ಅದನ್ನು ಜಾಲತಾಣದವರ ಜೊತೆ ಮಾತನಾಡಿಯೇ ಮಾಡಿ. ದೂರು ತಪ್ಪು ಎಂದು ಪ್ರತಿ-ನೋಟಿಸ್ ಕೊಟ್ಟರೆ, ದೂರುದಾರರು ಮೊಕದ್ದಮೆ ಹೂಡದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳ ಒಳಗೆ ಜಾಲತಾಣ ಅದನ್ನು ಮರಳಿ ಏರಿಸುತ್ತದೆ. ಆದರೆ ಪ್ರತಿ-ನೋಟಿಸ್‌ನಲ್ಲಿ ನಿಮ್ಮ ನಿಜ ಹೆಸರು, ವಿಳಾಸ, ಫೋನ್ ಇರಬೇಕು, ಅದು ದೂರುದಾರರ ಕೈಸೇರುತ್ತದೆ. ಹೇಳಿದ್ದು ಸುಳ್ಳಾದರೆ ಶಿಕ್ಷೆಗೆ ಒಳಗಾಗುವ ಪ್ರಮಾಣವೂ, ಅಮೆರಿಕದ ಫೆಡರಲ್ ನ್ಯಾಯಾಲಯದ ಅಧಿಕಾರವನ್ನು ಒಪ್ಪುವ ಮಾತೂ ಅದರಲ್ಲಿ ಸೇರಿರುತ್ತದೆ, ನೀವು ಯಾವ ದೇಶದಲ್ಲಿದ್ದರೂ ಸರಿ. ಆ ದಿನಗಳು ಕಳೆದವೆಂದರೆ ಪಾರಾದೆವು ಎಂದೂ ಅಲ್ಲ. ಜಿಟಿಎ 3 ಮತ್ತು ವೈಸ್ ಸಿಟಿಯನ್ನು ಬಿಡಿಸಿ ಬರೆದ ಆರ್‌ಇ3 ಯೋಜನೆಗೆ 2021ರ ಫೆಬ್ರವರಿಯಲ್ಲಿ ಒಡೆಯ ಕಂಪನಿ ಟೇಕ್-ಟುನ ನೋಟಿಸ್ ಬಂತು, ಪ್ರತಿ-ನೋಟಿಸ್‌ನಿಂದ ಕೋಡ್ ಮರಳಿ ಏರಿತು, ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ದಾಖಲಾಯಿತು. ಅಲ್ಲಿ ಉದ್ದೇಶಪೂರ್ವಕ ಉಲ್ಲಂಘನೆ ಸಾಬೀತಾದರೆ ಒಂದು ಕೃತಿಗೆ 1,50,000 ಡಾಲರ್ ತನಕ ಪರಿಹಾರ ವಿಧಿಸಬಹುದು. ಹಾಗಾಗಿ ಪ್ರತಿ-ನೋಟಿಸ್‌ಗೆ ಸಹಿ ಹಾಕುವ ಮೊದಲು ಕಾಪಿರೈಟ್ ವಕೀಲರೊಬ್ಬರಿಗೆ ನಿಮ್ಮ ರೆಪಾಸಿಟರಿ, ಕೊಡುಗೆದಾರರ ದಾಖಲೆ, ಒಡೆಯರೊಂದಿಗಿನ ಪತ್ರಗಳು ಇಷ್ಟನ್ನೂ ತೋರಿಸಿ, ಯಾರ ಹೆಸರಿನಲ್ಲಿ ಸಹಿ ಎಂಬುದನ್ನು ತಂಡ ಒಟ್ಟಾಗಿ ಕೂತು ನಿರ್ಧರಿಸಲಿ.